ವೀಲ್‌ಚೇರ್ ಕೊಡುವ ಮುಂಚೆ ತೂಕ ಕೇಳಿ, ಅಳತೆ ತೆಗೆಯಿರಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ವಿಕಲಚೇತನರಿಗೆ ಸಲಕರಣೆ ವಿತರಿಸಿದ ಸಮಾರಂಭದ ಫೋಟೊ ಬಂದಿತ್ತು. ವೀಲ್‌ಚೇರ್‌ಗಳನ್ನು ಸಾಲಾಗಿ ನಿಲ್ಲಿಸಿದ್ದರು, ಹಿಂದೆ ಗಣ್ಯರು ಹಾರ ಹಾಕಿಕೊಂಡು ನಿಂತಿದ್ದರು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕುರ್ಚಿಗಳೆಲ್ಲ ಒಂದೇ ಅಳತೆಯವು, ಕೂತವರು ಒಂದೇ ಅಳತೆಯವರಲ್ಲ. ಸಾಲಿನ ಕೊನೆಯಲ್ಲಿದ್ದ ದಪ್ಪ ಮೈಯ ತಾಯಿಯೊಬ್ಬರು ಕುರ್ಚಿಯಲ್ಲಿ ಕೂತಿದ್ದರು ಅನ್ನುವುದಕ್ಕಿಂತ ಸಿಕ್ಕಿಹಾಕಿಕೊಂಡಿದ್ದರು ಅನ್ನಬೇಕು. ಎರಡೂ ಕಡೆಯ ತಗಡು ತೊಡೆಗೆ ಒತ್ತಿಕೊಂಡಿತ್ತು. ಆ ಕುರ್ಚಿ ಮೊದಲು ಎಲ್ಲಿ ಮುರಿಯುತ್ತದೆ ಅನ್ನುವುದನ್ನು ಫೋಟೊ ನೋಡಿಯೇ ಹೇಳಬಲ್ಲೆ, ಯಾಕೆಂದರೆ ನನ್ನ ಹೊಟ್ಟೆಪಾಡೇ ಅದು.

ನಾನು ದಾವಣಗೆರೆಯಲ್ಲಿ ಸರ್ಜಿಕಲ್ ಅಂಗಡಿ ಇಟ್ಟುಕೊಂಡವನು. ವೀಲ್‌ಚೇರ್, ವಾಕರ್, ಕಮೋಡ್ ಚೇರ್ ಮಾರುತ್ತೇನೆ, ಬಾಡಿಗೆಗೂ ಕೊಡುತ್ತೇನೆ, ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ರಿಪೇರಿಯನ್ನೂ ಮಾಡುತ್ತೇನೆ. ಅಂಗಡಿಯವನು ಬರೆದರೆ ವ್ಯಾಪಾರಕ್ಕೆ ಬರೆದಿದ್ದಾನೆ ಅಂತ ಕೆಲವರು ಅನ್ನಬಹುದು. ಅನ್ನಲಿ. ನಾನು ಕೇಳುತ್ತಿರುವುದು ಇಷ್ಟೇ. ಕುರ್ಚಿ ಕೊಡುವವರು, ಅದು ಸರ್ಕಾರವಿರಲಿ, ಆಸ್ಪತ್ರೆ ಇರಲಿ, ದಾನಿಗಳಿರಲಿ, ನನ್ನಂಥ ಅಂಗಡಿಯವರಿರಲಿ, ಕೂರುವವರ ತೂಕ ಕೇಳಬೇಕು, ಸೊಂಟದ ಅಳತೆ ತೆಗೆಯಬೇಕು. ಮತ್ತೆ ಪ್ರತಿ ಕುರ್ಚಿಯ ಬೆನ್ನಿನ ಮೇಲೂ ಅದು ಎಷ್ಟು ಕೆಜಿ ತಡೆಯುತ್ತದೆ, ಸೀಟು ಎಷ್ಟು ಇಂಚು ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಯಬೇಕು.

ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಮಡಚುವ ವೀಲ್‌ಚೇರ್ ಇದೆಯಲ್ಲ, ಅದರ ಸೀಟಿನ ಅಗಲ ಸಾಮಾನ್ಯವಾಗಿ 18 ಇಂಚು. ತಡೆಯುವ ತೂಕ 100 ಕೆಜಿ, ತಪ್ಪಿದರೆ 110. ಇದು ಮಧ್ಯಮ ಮೈಕಟ್ಟಿನವರಿಗೆ ಮಾಡಿದ ಕುರ್ಚಿ. ಸೀಟಿನ ಕೆಳಗೆ ಎರಡು ಕೊಳವೆ ಅಡ್ಡಡ್ಡ ಹಾಯ್ದು ಮಧ್ಯದಲ್ಲಿ ಒಂದು ಬೋಲ್ಟಿನಿಂದ ಕೂಡಿರುತ್ತವೆ, ಕತ್ತರಿ ಹಾಗೆ ತೆರೆದು ಮುಚ್ಚುತ್ತವೆ. ಈ ಜೋಡಣೆಗೆ ಹೆಚ್ಚುಕಡಿಮೆ ನೂರು ವರ್ಷ ಆಗುತ್ತಾ ಬಂತು. 1930ರ ದಶಕದಲ್ಲಿ ಅಮೆರಿಕದಲ್ಲಿ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡಿದ್ದ ಹರ್ಬರ್ಟ್ ಎವರೆಸ್ಟ್ ಅನ್ನುವ ಎಂಜಿನಿಯರ್, ಕಾರಿನೊಳಗೆ ಇಡಬಹುದಾದ ಕುರ್ಚಿ ಬೇಕು ಅಂತ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ ಮಾಡಿದ್ದು. ಬಹಳ ಜಾಣತನದ ಕೆಲಸ, ನಾನು ದಿನಾ ಕೈಯಲ್ಲಿ ಹಿಡಿಯುವುದರಿಂದ ಗೊತ್ತು. ಆದರೆ ಕೂತವರ ಭಾರವೆಲ್ಲ ಆ ಎರಡು ಕೊಳವೆ, ಒಂದು ಬೋಲ್ಟಿನ ಮೇಲೆ ಬೀಳುತ್ತದೆ.

130 ಕೆಜಿ, 140 ಕೆಜಿಯವರು ಇದರಲ್ಲಿ ಕೂತರೆ ಅಂದೇ ಮುರಿದು ಬೀಳುವುದಿಲ್ಲ. ಅದೇ ತೊಂದರೆ ನೋಡಿ. ಮುರಿದು ಬಿದ್ದಿದ್ದರೆ ಕೊಟ್ಟವರ ಕಣ್ಣೆದುರೇ ಗೊತ್ತಾಗುತ್ತಿತ್ತು. ಮೊದಲು ರೆಕ್ಸಿನ್ ಸೀಟು ಜೋಲಿ ಹಾಗೆ ಜಗ್ಗುತ್ತದೆ. ಸ್ಕ್ರೂ ಇರುವ ಕಡೆ ತೂತು ಹಿಗ್ಗಿ ಹರಿಯಲು ಶುರುವಾಗುತ್ತದೆ. ಆಮೇಲೆ ದೊಡ್ಡ ಚಕ್ರದ ಆಕ್ಸಲ್ ಬಾಗಿ ಚಕ್ರ ಓರೆಯಾಗುತ್ತದೆ, ಪಕ್ಕದ ತಗಡಿಗೆ ಉಜ್ಜುತ್ತದೆ. ತಳ್ಳುವವರು ಎಣ್ಣೆ ಹಾಕಿದರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ, ಹೋಗುವುದಿಲ್ಲ. ಮುಂದಿನ ಚಿಕ್ಕ ಚಕ್ರದ ಫೋರ್ಕ್ ಬಾಗುತ್ತದೆ, ಬೇರಿಂಗ್ ಪುಡಿಯಾಗುತ್ತದೆ. ಕೊನೆಗೊಂದು ದಿನ ಹೊಸ್ತಿಲು ದಾಟಿಸುವಾಗಲೋ ರಸ್ತೆಯ ಗುಂಡಿಯಲ್ಲೋ ಮುಂದಿನ ಫ್ರೇಮ್ ವೆಲ್ಡಿಂಗ್ ಹತ್ತಿರ ಸೀಳಿ, ಕೂತವರು ಮುಖ ಅಡಿಯಾಗಿ ಬೀಳುತ್ತಾರೆ. ನನ್ನ ಶೆಡ್ಡಿಗೆ ಬರುವ ಕುರ್ಚಿಗಳು ಇದೇ ಕಥೆ ಹೇಳುತ್ತವೆ, ಮತ್ತೆ ಅದನ್ನು ತಂದವರು ಹೆಚ್ಚಾಗಿ ತಮ್ಮನ್ನೇ ಬೈದುಕೊಳ್ಳುತ್ತಿರುತ್ತಾರೆ. "ನಮ್ಮಮ್ಮನ ತೂಕ ಜಾಸ್ತಿ ಅಣ್ಣ, ಅದಕ್ಕೇ ಮುರಿತು." ಅಲ್ಲ. ಕೊಟ್ಟ ಕುರ್ಚಿ ಸಣ್ಣದು, ಅದಕ್ಕೇ ಮುರಿಯಿತು.

ಭಾರ ತಡೆಯುವ ಕುರ್ಚಿ ಮಾಡುವುದೇನು ಬ್ರಹ್ಮವಿದ್ಯೆ ಅಲ್ಲ. ಸೀಟಿನ ಕೆಳಗೆ ಕತ್ತರಿ ಒಂದರ ಬದಲು ಎರಡು ಇರುತ್ತವೆ. ಕೊಳವೆ ದಪ್ಪ, ಆಕ್ಸಲ್ ದಪ್ಪ, ಸೀಟಿನ ಬಟ್ಟೆ ಎರಡು ಪದರ, ಮುಂದಿನ ಚಕ್ರ ಅಗಲ. ಸೀಟು 20, 22, 24 ಇಂಚು ಇರುತ್ತದೆ, ಹೊರದೇಶದ ಕ್ಯಾಟಲಾಗುಗಳಲ್ಲಿ 30 ಇಂಚಿನವರೆಗೂ ಇವೆ. ಕುರ್ಚಿಯ ಸ್ವಂತ ತೂಕವೂ ಏರುತ್ತದೆ. ಸಾಮಾನ್ಯದ್ದು 16-18 ಕೆಜಿ ಇದ್ದರೆ ಇದು 25 ಕೆಜಿ ದಾಟಬಹುದು. ಬೆಲೆಯೂ ಹಾಗೇ. ಐದಾರು ಸಾವಿರಕ್ಕೆ ಸಿಗುವ ಮಾಮೂಲಿ ಕುರ್ಚಿಯ ಪಕ್ಕದಲ್ಲಿ ಇದು ಇಪ್ಪತ್ತು ಸಾವಿರ ಅಂದರೆ ಜನ ಹಿಂದೆ ಸರಿಯುತ್ತಾರೆ. ತಪ್ಪು ಅನ್ನಲಾರೆ.

ಹಿಂದೆ ಸರಿದವರು ಏನು ಮಾಡುತ್ತಾರೆ? ಮೊಬೈಲ್ ತೆಗೆಯುತ್ತಾರೆ. ಆನ್‌ಲೈನ್‌ನಲ್ಲಿ ಹುಡುಕುತ್ತಾರೆ. ಅಲ್ಲಿ '250' ಅಂತ ಕಾಣುತ್ತದೆ, ಅಬ್ಬಾ 250 ಕೆಜಿ ತಡೆಯುತ್ತದೆ, ಬೆಲೆಯೂ ಕಮ್ಮಿ ಅಂತ ತರಿಸಿಬಿಡುತ್ತಾರೆ. ಅದು ಪೌಂಡು ಸ್ವಾಮಿ, ಕೆಜಿ ಅಲ್ಲ. 250 ಪೌಂಡು ಅಂದರೆ 113 ಕೆಜಿ. 300 ಪೌಂಡು ಅಂದರೆ 136. ಪೌಂಡನ್ನು ಹತ್ತಿರ ಹತ್ತಿರ ಅರ್ಧ ಮಾಡಿ ಅದರಲ್ಲೂ ಸ್ವಲ್ಪ ಕಳೆಯಿರಿ, ಕೆಜಿ ಬರುತ್ತದೆ. ಆಮದು ಮಾಲಿನ ವಿವರವನ್ನು ಹಾಗೇ ನಕಲು ಮಾಡಿ ಹಾಕುವವರು ಇದನ್ನು ಬಿಡಿಸಿ ಹೇಳುವುದಿಲ್ಲ. ಇನ್ನು ನಮ್ಮ ಕಡೆಯ ಕೆಲವು ಕುರ್ಚಿಗಳ ಮೇಲೆ 'ಹೆವಿ ಡ್ಯೂಟಿ' ಅಂತ ಸ್ಟಿಕರ್ ಇರುತ್ತದೆ, ಕೆಜಿ ಎಷ್ಟು ಅಂತ ಹುಡುಕಿದರೆ ಎಲ್ಲೂ ಇರುವುದಿಲ್ಲ. ಸ್ಟಿಕರ್ ಅಂಟಿಸಲು ಯಾರ ಅಪ್ಪಣೆಯೂ ಬೇಕಿಲ್ಲ, ಅಲ್ವಾ?

ವೀಲ್‌ಚೇರ್ ಬಲ ಪರೀಕ್ಷೆ ಮಾಡಲು ಅಂತರರಾಷ್ಟ್ರೀಯ ಮಾನದಂಡ ಇದೆ. ಐಎಸ್‌ಒ 7176 ಅಂತ, ಅದರ 8ನೇ ಭಾಗದಲ್ಲಿ ಈ ವಿವರ ಬರುತ್ತದೆ. ಕೂರುವವರ ಭಾರಕ್ಕೆ ಹೊಂದುವ ಬೊಂಬೆಯನ್ನು ಕುರ್ಚಿಯಲ್ಲಿ ಕೂರಿಸಿ, ಉಬ್ಬು ಪಟ್ಟಿ ಇರುವ ಉರುಳೆಗಳ ಮೇಲೆ 2 ಲಕ್ಷ ಸುತ್ತು ಓಡಿಸುತ್ತಾರೆ. ಆಮೇಲೆ ಸಣ್ಣ ಎತ್ತರದಿಂದ 6,666 ಸಲ ಬೀಳಿಸುತ್ತಾರೆ. ಅಷ್ಟಾದ ಮೇಲೂ ಫ್ರೇಮ್ ಸೀಳದಿದ್ದರೆ ಪಾಸು. ಹೀಗೆ ಪರೀಕ್ಷೆ ಆದ ಕುರ್ಚಿಯ 150 ಕೆಜಿಗೂ, ಡಬ್ಬಿಯ ಮೇಲೆ ಸುಮ್ನೆ ಅಚ್ಚು ಹಾಕಿದ 150 ಕೆಜಿಗೂ ಅಜಗಜಾಂತರ. ಟೆಂಡರ್ ಕರೆಯುವ ಅಧಿಕಾರಿಗಳು ಈ ಪರೀಕ್ಷೆಯ ವರದಿಯನ್ನು ಕೇಳಿದರೆ ಸಾಕು, ಅರ್ಧ ಜನ ಟೆಂಡರ್ ಹಾಕುವುದೇ ಇಲ್ಲ.

ಅಳತೆ ವಿಷಯಕ್ಕೆ ಬರುತ್ತೇನೆ. ಇಲ್ಲಿ ಜನ ಎರಡು ಥರ ತಪ್ಪುತ್ತಾರೆ. ಸಣ್ಣ ಕುರ್ಚಿ ಕೊಡುವುದು ಒಂದು. ಸುಮ್ನೆ ಸಿಕ್ಕಿದ್ದರಲ್ಲಿ ದೊಡ್ಡದನ್ನು ಕೊಟ್ಟುಬಿಡುವುದು ಇನ್ನೊಂದು. ತೀರಾ ಅಗಲ ಆದರೆ ಕೂತವರು ಒಂದು ಕಡೆ ವಾಲುತ್ತಾರೆ, ಚಕ್ರಕ್ಕೆ ಕೈ ಎಟುಕುವುದಿಲ್ಲ, ತಾವೇ ತಳ್ಳಿಕೊಳ್ಳುವ ಶಕ್ತಿ ಇದ್ದವರೂ ಇನ್ನೊಬ್ಬರ ಕೈ ಕಾಯಬೇಕಾಗುತ್ತದೆ. ಸರಿಯಾದ ಅಳತೆ ಬೇಕಾದರೆ ಕೂರುವವರನ್ನು ಗಟ್ಟಿ ಬೆಂಚಿನ ಮೇಲೆ ಕೂರಿಸಿ, ಎರಡೂ ಪಕ್ಕಕ್ಕೆ ಒಂದೊಂದು ದಪ್ಪ ಪುಸ್ತಕ ನೆಟ್ಟಗೆ ನಿಲ್ಲಿಸಿ, ಪುಸ್ತಕದಿಂದ ಪುಸ್ತಕಕ್ಕೆ ಟೇಪು ಹಿಡಿಯಿರಿ. ಅದೇ ಅಗಲ, ಮೇಲೆ ಒಂದೆರಡು ಇಂಚು ಸೇರಿಸಿಕೊಳ್ಳಿ. ದಪ್ಪ ಇರುವವರಿಗೆ ಸೊಂಟಕ್ಕಿಂತ ತೊಡೆ ಅಗಲ ಇರಬಹುದು, ಯಾವುದು ಜಾಸ್ತಿಯೋ ಅದನ್ನೇ ಹಿಡಿಯಬೇಕು. ಉದ್ದಕ್ಕೆ, ಬೆನ್ನ ಹಿಂದಿನಿಂದ ಮಂಡಿಯ ಹಿಂಭಾಗದವರೆಗೆ ಅಳೆದು ಎರಡು ಇಂಚು ಕಳೆಯಿರಿ. ಕೆಲವರಿಗೆ ಸೊಂಟದ ಹಿಂದೆ ಮಾಂಸ ಹೆಚ್ಚಿರುತ್ತದೆ. ಬೆನ್ನು ಹಿಂದಕ್ಕೆ ತಾಗುವುದೇ ಇಲ್ಲ, ಇಡೀ ದೇಹ ಮುಂದಕ್ಕೆ ಬರುತ್ತದೆ. ಅವರಿಗೆ ಒರಗುವ ಬಟ್ಟೆಯನ್ನು ಕೆಳಗಡೆ ಸಡಿಲ ಮಾಡಿಕೊಡಬೇಕು. ಇಲ್ಲದಿದ್ದರೆ ಸೀಟಿನ ತುದಿಯಲ್ಲೇ ಕೂತು, ಜಾರುತ್ತಾ ಜಾರುತ್ತಾ ದಿನ ಕಳೆಯುತ್ತಾರೆ.

ಹೊಟ್ಟೆಯ ಭಾರ ಮುಂದಿದ್ದಾಗ ಮುಂದಿನ ಚಿಕ್ಕ ಚಕ್ರಗಳ ಮೇಲೆ ಭಾರ ಹೆಚ್ಚುತ್ತದೆ. ಚಿಕ್ಕ ಚಕ್ರ ಭಾರ ಹೊತ್ತರೆ ಕುರ್ಚಿ ತಳ್ಳಲು ಕಷ್ಟ, ತಿರುಗಿಸಲು ಇನ್ನೂ ಕಷ್ಟ. ಒಳ್ಳೆಯ ಕುರ್ಚಿಗಳಲ್ಲಿ ದೊಡ್ಡ ಚಕ್ರವನ್ನು ಸ್ವಲ್ಪ ಮುಂದಕ್ಕೆ ತಂದು ಕೂರಿಸಲು ಎರಡು ಮೂರು ತೂತು ಕೊಟ್ಟಿರುತ್ತಾರೆ. ಒಂದು ಸ್ಪ್ಯಾನರ್ ಇದ್ದರೆ ಆಗುವ ಕೆಲಸ. ಆದರೆ ಅಳತೆ ನೋಡದೆ ಕೊಟ್ಟವರು ಇದನ್ನೆಲ್ಲಿ ನೋಡುತ್ತಾರೆ?

ತೊಡೆಯ ಪಕ್ಕ ಒತ್ತುವುದು ಸಣ್ಣ ಮಾತಲ್ಲ. ನಮ್ಮಲ್ಲಿ ಈ ತೂಕದವರಲ್ಲಿ ಬಹಳ ಜನಕ್ಕೆ ಸಕ್ಕರೆ ಕಾಯಿಲೆ ಇರುತ್ತದೆ. ಹುಣ್ಣಾದರೆ ಬೇಗ ವಾಸಿಯಾಗುವುದಿಲ್ಲ, ಸ್ಪರ್ಶ ಹೋಗಿದ್ದರೆ ಹುಣ್ಣಾಗಿದ್ದೇ ಗೊತ್ತಾಗುವುದಿಲ್ಲ. ಮೈಯ ಮಡಿಕೆಗಳಲ್ಲಿ ಬೆವರು ನಿಂತು ಚರ್ಮ ಮೆತ್ತಗಾಗಿರುತ್ತದೆ, ನಮ್ಮ ಊರಿನ ಏಪ್ರಿಲ್ ಬಿಸಿಲು ಬೇರೆ. ಅರ್ಧ ಗಂಟೆಗೊಮ್ಮೆ ಕೈ ಊರಿ ಮೈ ಎತ್ತಿ ಅಂತ ಫಿಸಿಯೋಥೆರಪಿಸ್ಟ್‌ಗಳು ಹೇಳುತ್ತಾರೆ. 140 ಕೆಜಿ ಮೈಯನ್ನು ಕೈಯೂರಿ ಎತ್ತಲಾಗುತ್ತದೆಯೇ? ಅವರು ಮುಂದಕ್ಕೆ ಬಾಗಬೇಕು, ಇಲ್ಲ ಒಂದೊಂದೇ ಪಕ್ಕಕ್ಕೆ ವಾಲಬೇಕು. ಅದಕ್ಕೂ ಕುರ್ಚಿಯಲ್ಲಿ ಜಾಗ ಬೇಕಲ್ಲ. ದಿಂಬಿನದೂ ಅದೇ ಕಥೆ, ಅಗ್ಗದ ಸ್ಪಂಜು ಅವರು ಕೂತ ಕೂಡಲೇ ರೊಟ್ಟಿ ಹಾಗೆ ಚಪ್ಪಟೆ. ಕೂತವರ ಕೆಳಗೆ ಅಂಗೈ ತೂರಿಸಿ ನೋಡಿ, ಮೂಳೆ ಸೀದಾ ಕೈಗೆ ಒತ್ತಿದರೆ ಆ ದಿಂಬು ಇದ್ದೂ ಇಲ್ಲದಂತೆ.

ಇದೆಲ್ಲ ಸರಿ ಮಾಡಿ ದೊಡ್ಡ ಕುರ್ಚಿಯನ್ನು ಮನೆಗೆ ಒಯ್ದರೆ ಬಾಗಿಲು ತಡೆಯುತ್ತದೆ. ಸೀಟು 24 ಇಂಚು ಅಂದರೆ ಚಕ್ರ, ಅದರ ಪಕ್ಕದ ಉಂಗುರ ಎಲ್ಲ ಸೇರಿ ಒಟ್ಟು ಅಗಲ 32 ಇಂಚಿನ ಆಸುಪಾಸು. ನಮ್ಮ ಮನೆಗಳ ಬಚ್ಚಲ ಬಾಗಿಲು ಎರಡೂವರೆ ಅಡಿ, ಅಂದರೆ 30 ಇಂಚು, ಅದರಲ್ಲೂ ಚೌಕಟ್ಟು ಬಾಗಿಲಿನ ದಪ್ಪ ಕಳೆದರೆ ಇನ್ನೂ ಕಡಿಮೆ. ಹಾಲ್‌ನಿಂದ ಕೋಣೆಗೆ ಹೇಗೋ ಹೋಗುತ್ತದೆ, ಹೋಗಲೇಬೇಕಾದ ಜಾಗಕ್ಕೆ ಹೋಗುವುದಿಲ್ಲ. ಹಾಗಾಗಿ ಕುರ್ಚಿ ಕೊಳ್ಳುವ ಮುಂಚೆ ಮನೆಯ ಎಲ್ಲ ಬಾಗಿಲೂ ಅಳೆದುಕೊಂಡು ಬನ್ನಿ ಅಂತ ನಾನು ಹೇಳುತ್ತೇನೆ. ಕೆಲವರು ಬಚ್ಚಲ ಬಾಗಿಲನ್ನೇ ಕಿತ್ತು ಪರದೆ ಹಾಕುತ್ತಾರೆ, ಒಂದೆರಡು ಇಂಚು ಸಿಗುತ್ತದೆ. ಕೆಲವರು ಚೌಕಟ್ಟು ಒಡೆಸುತ್ತಾರೆ. ಬಾಡಿಗೆ ಮನೆಯಾದರೆ ಅದೂ ಇಲ್ಲ, ಭಾರ ತಡೆಯುವ ಕಮೋಡ್ ಚೇರನ್ನು ಕೋಣೆಯಲ್ಲೇ ಇಡಬೇಕು. ಸಾರ್ವಜನಿಕ ಕಟ್ಟಡಗಳಿಗೆ ಕೇಂದ್ರದ ಮಾರ್ಗಸೂಚಿ ಬಾಗಿಲಿಗೆ 900 ಮಿಲಿಮೀಟರ್ ಅಗಲ ಬೇಕು ಅನ್ನುತ್ತದೆ, ಅಂದರೆ 35 ಇಂಚು. ಅಷ್ಟಿದ್ದರೆ ಈ ದೊಡ್ಡ ಕುರ್ಚಿ ಆರಾಮಾಗಿ ಹೋಗುತ್ತದೆ. ಈಗ ಮನೆ ಕಟ್ಟಿಸುತ್ತಿರುವವರು ಒಂದು ಬಚ್ಚಲಿಗಾದರೂ ಮೂರು ಅಡಿ ಬಾಗಿಲು ಇಡಿಸಿ. ಮೇಸ್ತ್ರಿ ಗೊಣಗುತ್ತಾನೆ, ಗೊಣಗಲಿ ಬಿಡಿ.

ಆಸ್ಪತ್ರೆಗಳ ವಿಷಯ ಬರೆಯದೆ ಇರಲಾರೆ. ಯಾವ ಆಸ್ಪತ್ರೆ ಅಂತ ಹೆಸರು ಹಾಕುವುದಿಲ್ಲ, ಒಂದೇ ಆಗಿದ್ದರೆ ಹಾಕುತ್ತಿದ್ದೆನೇನೋ. ನನ್ನ ಗಿರಾಕಿಯೊಬ್ಬರು, ನಿವೃತ್ತ ಮೇಷ್ಟ್ರು, ಪಾರ್ಶ್ವವಾಯು ಆಗಿ ಎಡಗೈ ಎಡಗಾಲು ಸ್ವಾಧೀನ ಇಲ್ಲ, ತೂಕ 140ರ ಹತ್ತಿರ. ಮಗ ಅವರನ್ನು ತೋರಿಸಲು ಕರೆದುಕೊಂಡು ಹೋದಾಗ ಬಾಗಿಲಲ್ಲಿದ್ದ ವೀಲ್‌ಚೇರ್‌ನಲ್ಲಿ ಹಿಡಿಸಲಿಲ್ಲ. ಒಳಗಿದ್ದ ಇನ್ನೊಂದನ್ನು ತಂದರು, ಅದೂ ಅದೇ ಅಳತೆ. ಕೊನೆಗೆ ಸಾಮಾನು ಸಾಗಿಸುವ ಟ್ರಾಲಿ ತಂದರಂತೆ. ವಾರ್ಡ್‌ಬಾಯ್ ನಕ್ಕು ಏನೋ ಅಂದನಂತೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮೇಷ್ಟ್ರು ಆಮೇಲೆ ತೋರಿಸಲು ಹೋಗುವುದನ್ನೇ ಬಿಟ್ಟರು, ಮಾತ್ರೆ ಮಾತ್ರ ತರಿಸಿಕೊಳ್ಳುತ್ತಾರೆ. "ನನ್ನ ಪಾಠ ಕೇಳಿದ ಹುಡುಗ್ರು ಅಲ್ಲೆಲ್ಲ ಓಡಾಡ್ತಿರ್ತಾರಪ್ಪ, ಅವರೆದುರಿಗೆ ಟ್ರಾಲಿ ಮೇಲೆ ಹೋಗ್ಲಾ?" ಅಂತ ನನ್ನನ್ನೇ ಕೇಳಿದರು. ನಾನು ಏನು ಹೇಳಲಿ. ಒಂದು ಆಸ್ಪತ್ರೆಗೆ ಒಂದೇ ಒಂದು 24 ಇಂಚಿನ, 200 ಕೆಜಿ ತಡೆಯುವ ಕುರ್ಚಿ ಇದ್ದಿದ್ದರೆ ಸಾಕಿತ್ತು. ಅಲ್ಲಿನ ಒಂದು ಯಂತ್ರದ ವರ್ಷದ ನಿರ್ವಹಣೆ ಗುತ್ತಿಗೆಯ (ಎಎಂಸಿ) ಹಣದ ಮುಂದೆ ಅದರ ಬೆಲೆ ಲೆಕ್ಕಕ್ಕೇ ಇಲ್ಲ.

ಕೂರುವವರ ಕಷ್ಟ ಒಂದಾದರೆ ತಳ್ಳುವವರ ಕಷ್ಟ ಇನ್ನೊಂದು. ಮನೆಗಳಲ್ಲಿ ತಳ್ಳುವವರು ಹೆಂಡತಿ, ಮಗಳು, ಸೊಸೆ. ಸಣ್ಣ ಲೆಕ್ಕ ಹೇಳುತ್ತೇನೆ. ಕೂತವರು 150 ಕೆಜಿ, ಕುರ್ಚಿ 25 ಕೆಜಿ, ಒಟ್ಟು 175. ನಿಯಮದ ಪ್ರಕಾರ ರ‍್ಯಾಂಪ್ ಇಳಿಜಾರು 12 ಅಡಿಗೆ 1 ಅಡಿ. ಹಾಗಿದ್ದರೆ 175ನ್ನು 12ರಿಂದ ಭಾಗಿಸಿ, ಹತ್ತತ್ತಿರ 15 ಕೆಜಿ ಬಲವನ್ನು ಮೇಲೆ ತಲುಪುವವರೆಗೂ ಬಿಡದೆ ಕೊಡುತ್ತಿರಬೇಕು, ಚಕ್ರದ ತಿಕ್ಕಾಟ ಬೇರೆ. ನಮ್ಮ ಬ್ಯಾಂಕು, ಕಚೇರಿಗಳ ಮುಂದೆ ಲೆಕ್ಕಕ್ಕೆ ಅಂತ ಹಾಕಿದ ರ‍್ಯಾಂಪ್‌ಗಳು 6 ಅಡಿಗೆ 1 ಅಡಿ ಇರುವುದೂ ಉಂಟು. ಅಲ್ಲಿ 29 ಕೆಜಿ. ಐವತ್ತು ಕೆಜಿಯ ಹೆಣ್ಣುಮಗಳು ಇದನ್ನು ಹೇಗೆ ತಳ್ಳಬೇಕು? ಇಳಿಯುವಾಗ ಇನ್ನೂ ಅಪಾಯ. ಕೈ ಜಾರಿದರೆ ಕುರ್ಚಿ ಓಡುತ್ತದೆ. ಇಳಿಸುವಾಗ ಯಾವತ್ತೂ ಹಿಂದುಮುಂದಾಗಿ ಇಳಿಸಿ. ತಳ್ಳುವವರು ಕೆಳಗಡೆ ನಿಂತು, ಕುರ್ಚಿಯ ಬೆನ್ನು ತಮ್ಮ ಕಡೆ ಇರುವ ಹಾಗೆ ನಿಧಾನ ಹಿಂದಕ್ಕೆ ನಡೆಯಬೇಕು, ಇಬ್ಬರಿದ್ದರೆ ಒಳ್ಳೆಯದು. ಮೆಟ್ಟಿಲು ಬಂದಾಗ ನಾಲ್ಕು ಜನ ಸೇರಿ ಕೈ ಇಡುವ ಪಟ್ಟಿ, ಕಾಲು ಇಡುವ ಪಟ್ಟಿ ಹಿಡಿದು ಎತ್ತುತ್ತಾರಲ್ಲ, ಅದು ತಪ್ಪು. ಅವು ಬಿಚ್ಚುವಂಥವು, ಕೈಗೇ ಕಿತ್ತು ಬರುತ್ತವೆ. ಫ್ರೇಮನ್ನೇ ಹಿಡಿಯಬೇಕು. ಮತ್ತೆ ಎದ್ದೇಳುವಾಗ ಕಾಲು ಪಟ್ಟಿಯ ಮೇಲೆ ನಿಂತು ಏಳಬಾರದು. ಭಾರ ಪೂರಾ ಮುಂದೆ ಬಂದು ಕುರ್ಚಿ ಮುಗ್ಗರಿಸುತ್ತದೆ. ಪಟ್ಟಿ ಮಡಚಿ, ಬ್ರೇಕ್ ಹಾಕಿ, ಕಾಲು ನೆಲಕ್ಕೆ ಊರಿ ಏಳಬೇಕು. ಬ್ರೇಕ್ ಟಯರಿಗೆ ಒತ್ತಿ ನಿಲ್ಲಿಸುವಂಥದ್ದು. ಟಯರು ಸವೆದಿದ್ದರೆ, ಗಾಳಿ ಕಡಿಮೆ ಇದ್ದರೆ ಹಿಡಿಯುವುದೇ ಇಲ್ಲ.

ತೂಕ ಕೇಳಿ ಅಂದೆನಲ್ಲ, ಅದೂ ಸುಲಭ ಇಲ್ಲ. ಕ್ಲಿನಿಕ್ಕಿನ ತಕ್ಕಡಿಗಳಲ್ಲಿ ಮುಳ್ಳು 120ಕ್ಕೋ 150ಕ್ಕೋ ನಿಂತುಬಿಡುತ್ತದೆ. ನಿಲ್ಲಲಾಗದವರು ಅದರ ಮೇಲೆ ಹತ್ತುವುದಾದರೂ ಹೇಗೆ? ನಾನು ಒಂದು ಕೆಲಸ ಮಾಡಿದ್ದೇನೆ. ಮಂಡಿಯಲ್ಲಿ ಮೂಟೆ ತೂಗುವ ತಟ್ಟೆ ತಕ್ಕಡಿ ಬರುತ್ತದಲ್ಲ, 300 ಕೆಜಿಯದು, ಅದನ್ನು ಶೆಡ್ಡಿನೊಳಗೆ ಇಟ್ಟು ಎರಡು ಕಡೆ ಹಲಗೆ ಇಳಿಜಾರು ಕೊಟ್ಟಿದ್ದೇನೆ. ಗಟ್ಟಿ ಕುರ್ಚಿ ಸಮೇತ ಹತ್ತಿಸಿ, ಕುರ್ಚಿಯ ತೂಕ ಕಳೆದರೆ ಆಯಿತು. ಬಾಗಿಲು ಹಾಕಿ ತೂಗುತ್ತೇನೆ, ಕೂಗಿ ಹೇಳುವುದಿಲ್ಲ, ಚೀಟಿಯಲ್ಲಿ ಬರೆದು ಕೊಡುತ್ತೇನೆ. ಇದನ್ನು ಯಾವ ತಾಲ್ಲೂಕು ಆಸ್ಪತ್ರೆಯಾದರೂ ಮಾಡಬಹುದು.

ಇಷ್ಟೆಲ್ಲ ಓದಿದ ಮೇಲೆ ಯಾರೋ ಒಬ್ಬರು "ಅವರು ತೂಕ ಇಳಿಸಿಕೊಂಡರೆ ಮುಗೀತಲ್ಲ" ಅನ್ನುತ್ತಾರೆ. ಬೆಣ್ಣೆ ದೋಸೆ ಊರಿನವನಾದ ನನಗೆ ಈ ಮಾತು ನಗುವಿನ ಜೊತೆಗೇ ಬರುತ್ತದೆ, ಕೇಳಿ ಕೇಳಿ ಅಭ್ಯಾಸ ಆಗಿದೆ. ತೂಕ ಇಳಿಸಬೇಕು ಅನ್ನುವುದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ನಡೆಯುವಾಗ ಮೈಯ ಒಂದೊಂದು ಕೆಜಿಗೂ ಮಂಡಿಯ ಮೇಲೆ ಸುಮಾರು ನಾಲ್ಕು ಪಟ್ಟು ಒತ್ತಡ ಬೀಳುತ್ತದೆ ಅಂತ ಮೂಳೆ ಡಾಕ್ಟರುಗಳು ಹೇಳುತ್ತಾರೆ. ಮಂಡಿ ಸವೆದವರು ನಡೆಯಲಾರರು, ನಡೆಯದೆ ಇದ್ದರೆ ತೂಕ ಏರುತ್ತದೆ, ಏರಿದರೆ ಮಂಡಿ ಇನ್ನೂ ಸವೆಯುತ್ತದೆ. ಬೆನ್ನುಹುರಿಗೆ ಪೆಟ್ಟಾದವರು, ಕಾಲು ಕತ್ತರಿಸಿದವರು ಮೊದಲು ಸಣ್ಣಗೇ ಇದ್ದು ಆಮೇಲೆ ದಪ್ಪ ಆಗಿರುವುದನ್ನು ಎಷ್ಟು ನೋಡಿಲ್ಲ. ಇನ್ನು ತೂಕ ಇಳಿಯಲು ವರ್ಷಗಟ್ಟಲೆ ಬೇಕು. ನಾಳೆ ಬೆಳಿಗ್ಗೆ ಬಚ್ಚಲಿಗೆ ಹೋಗಬೇಕಲ್ಲ? ಡಾಕ್ಟರ್ ಹತ್ತಿರ, ವ್ಯಾಯಾಮ ಮಾಡಿಸುವವರ ಹತ್ತಿರ ಹೋಗಲೂ ಕುರ್ಚಿ ಬೇಕು.

ಈ ಜನ ಎಲ್ಲೋ ಒಬ್ಬಿಬ್ಬರು ಅಂತಲೂ ಅಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸರು, ಗಂಡಸರು ಇಬ್ಬರಲ್ಲೂ ನೂರಕ್ಕೆ ಸುಮಾರು 30 ಜನ ತೂಕ ಹೆಚ್ಚಿರುವವರು ಅಥವಾ ಬೊಜ್ಜು ಇರುವವರು. ಇವರೆಲ್ಲರಿಗೂ ದೊಡ್ಡ ಕುರ್ಚಿ ಬೇಕು ಅಂತಲ್ಲ. ಆದರೆ ಇವರಿಗೂ ವಯಸ್ಸಾಗುತ್ತದೆ, ಪಾರ್ಶ್ವವಾಯು ಬರುತ್ತದೆ, ಬೈಕಿನಿಂದ ಬೀಳುತ್ತಾರೆ.

ಸರ್ಕಾರದ ಕಡೆ ಯೋಜನೆಗಳು ಇವೆ. ಸಲಕರಣೆ ಕೊಡುವ ಕೇಂದ್ರದ ಎಡಿಐಪಿ ಯೋಜನೆ 1981ರಿಂದ ನಡೆಯುತ್ತಿದೆ. ಬಡ ಹಿರಿಯರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದ್ದಾರೆ. ಬೊಜ್ಜು ಅದರಲ್ಲಿ ಇಲ್ಲ, ಕೈಕಾಲು ಚಲನೆಯ ತೊಂದರೆ ಇದೆ. ಹಾಗಾಗಿ ಬರೀ ತೂಕದಿಂದ ನಡೆಯಲಾಗದವರು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಓಡಾಡಿ ಸುಸ್ತಾಗುತ್ತಾರೆ. ಆ ದೊಡ್ಡ ಚರ್ಚೆ ಬೇರೆಯವರು ಮಾಡಲಿ. ಕಾರ್ಡ್ ಇರುವವರಿಗಾದರೂ ಸರಿಯಾದ ಕುರ್ಚಿ ಸಿಗಬೇಕು ತಾನೆ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ನಮ್ಮಂಥ ದೇಶಗಳಿಗೆ ಅಂತ ವೀಲ್‌ಚೇರ್ ಕೊಡುವ ಮಾರ್ಗಸೂಚಿ ಬರೆದು, ಎಂಟು ಹಂತ ಹೇಳಿತ್ತು. ವ್ಯಕ್ತಿಯನ್ನು ನೋಡಿ ಅಳೆಯುವುದು, ಹೊಂದಿಸಿ ಕೂರಿಸಿ ನೋಡುವುದು, ಬಳಸಲು ಕಲಿಸುವುದು, ಆಮೇಲೆ ರಿಪೇರಿ, ಇವೆಲ್ಲ ಅದರಲ್ಲಿವೆ. ಹಾರ ಹಾಕುವುದು ಆ ಎಂಟರಲ್ಲಿ ಇಲ್ಲ. ಅಮೆರಿಕದ ಮೆಡಿಕೇರ್ ವಿಮೆಯಲ್ಲಿ 250 ಪೌಂಡು ದಾಟಿದವರ ಕುರ್ಚಿಗೇ ಒಂದು ಕೋಡ್, 300 ದಾಟಿದವರದಕ್ಕೆ ಇನ್ನೊಂದು. ಅಲ್ಲಿ ಎಲ್ಲ ಸ್ವರ್ಗ ಅಂತ ನಾನು ಹೇಳುತ್ತಿಲ್ಲ, ಕೋಡ್ ಇದ್ದರೆ ಕಾಗದದ ಮೇಲಾದರೂ ಆ ಮನುಷ್ಯ ಇದ್ದಾನೆ ಅಂತಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ವಿಆರ್‌ಡಬ್ಲ್ಯುಗಳು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯುಗಳು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇದ್ದಾರೆ. ಯಾರಿಗೆ ಕುರ್ಚಿ ಬೇಕು ಅಂತ ಪಟ್ಟಿ ಮಾಡುವವರು ಅವರೇ. ಗೌರವಧನ ಕಡಿಮೆ, ಕೆಲಸ ಜಾಸ್ತಿ, ಅವರ ಮೇಲೆ ನನಗೆ ದೂರಿಲ್ಲ. ಇಲಾಖೆಯವರು ಅವರ ಕೈಗೆ ಒಂದು ಟೇಪು ಕೊಡಲಿ, ಫಾರಂನಲ್ಲಿ ಎರಡು ಕಾಲಂ ಹೆಚ್ಚಿಗೆ ಹಾಕಲಿ, ತೂಕ ಎಷ್ಟು, ಕೂತಾಗ ಸೊಂಟ ಎಷ್ಟು ಇಂಚು ಅಂತ. ಆ ಪಟ್ಟಿ ನೋಡಿಕೊಂಡು ಕುರ್ಚಿ ತರಿಸಿದರೆ ನೂರರಲ್ಲಿ ನಾಲ್ಕೋ ಐದೋ ದೊಡ್ಡ ಅಳತೆಯವು ಬರುತ್ತವೆ, ಅಷ್ಟೇ. ಆ ನಾಲ್ಕೈದರ ಬೆಲೆ ಯೋಜನೆಯ ಮಿತಿ ದಾಟಿದರೆ ಉಳಿದದ್ದಕ್ಕೆ ಜಿಲ್ಲೆಯಲ್ಲಿ ದಾನಿಗಳಿಲ್ಲವೇ? ಐವತ್ತು ಮಾಮೂಲಿ ಕುರ್ಚಿ ದಾನ ಮಾಡುವ ಸಂಘದವರು ನನ್ನ ಅಂಗಡಿಗೂ ಬರುತ್ತಾರೆ. ನಲವತ್ತು ಮಾಮೂಲಿ, ಎರಡು ದೊಡ್ಡದು ತಗೊಳ್ಳಿ ಅಂದರೆ ಫೋಟೊದಲ್ಲಿ ಸಂಖ್ಯೆ ಕಮ್ಮಿ ಕಾಣುತ್ತದೆ ಅಂತ ಮುಖ ನೋಡುತ್ತಾರೆ.

ಅಂಗಡಿಯವರೂ ಸುಮ್ಮನೆ ಕೂರಬೇಕಾಗಿಲ್ಲ. ನಾನು ಬಾಡಿಗೆ ಕುರ್ಚಿಗಳ ಬೆನ್ನಿನ ಬಟ್ಟೆಯ ಮೇಲೆ ಬಿಳಿ ಪೇಂಟಿನಲ್ಲಿ '100 ಕೆಜಿ, 18 ಇಂಚು' ಅಂತ ಬರೆಸಿದ್ದೇನೆ. ದೊಡ್ಡದರ ಮೇಲೆ ಹಾಗೆ ಬರೆಸಿಲ್ಲ, ಬೀದಿಯಲ್ಲಿ ಹೋಗುವಾಗ ಅವರ ತೂಕ ಊರಿಗೆಲ್ಲ ಸಾರಿದ ಹಾಗಾಗುತ್ತದೆ ಅಂತ ಗಿರಾಕಿಯೊಬ್ಬರು ಹೇಳಿದ ಮೇಲೆ ಅದನ್ನು ಸೀಟಿನ ಕೆಳಗಿನ ಫ್ರೇಮಿಗೆ ಅಂಟಿಸಿದೆ. ಮೇಲೆ 'ಬೆನ್ನಿನ ಮೇಲೆ ಬರೆಯಬೇಕು' ಅಂದಿದ್ದು ಆಸ್ಪತ್ರೆಯ, ಶಿಬಿರದ ಮಾಮೂಲಿ ಕುರ್ಚಿಗಳಿಗೆ ಅಂತ ಓದಿಕೊಳ್ಳಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಕತ್ತರಿಸದೆ ಹಾಕಿ. ದೊಡ್ಡ ಅಳತೆಯ ಕುರ್ಚಿ ಬಾಡಿಗೆಗೆ ಸಿಗುವುದು ನಮ್ಮ ಕಡೆ ಬಹಳ ಕಷ್ಟ, ಇರುವುದೇ ಕೆಲವು. ಯಾರ ಮನೆಯಲ್ಲಾದರೂ ಹಿರಿಯರು ತೀರಿಕೊಂಡ ಮೇಲೆ 22, 24 ಇಂಚಿನ ಕುರ್ಚಿ ಅಟ್ಟದ ಮೇಲೋ ಕಾರ್ ಶೆಡ್ಡಿನಲ್ಲೋ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಚಕ್ರ ಹಾಳಾಗಿದ್ದರೂ ಪರವಾಗಿಲ್ಲ, ಫ್ರೇಮ್ ಸೀಳಿಲ್ಲದಿದ್ದರೆ ರಿಪೇರಿ ಆಗುತ್ತದೆ. ನಿಮ್ಮ ತಾಲ್ಲೂಕಿನ ಎಂಆರ್‌ಡಬ್ಲ್ಯು ಅವರಿಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಕೊಡಿ. ಕೊಡುವಾಗ ಸೀಟಿನ ಅಗಲ ಅಳೆದು ಒಂದು ಚೀಟಿ ಕಟ್ಟಿ ಕೊಡಿ.

ಇಂತಿ ನಿಮ್ಮ ಓದುಗ,
ಸರ್ಜಿಕಲ್ ಅಂಗಡಿಯವನು, ದಾವಣಗೆರೆ